ಮಿನುಗುವ ದೀಪ

ಕುಂದಾಪುರದಿಂದ ಬೈಂದೂರಿಗೆ ಸಾಗುವ ಹೆದ್ದಾರಿಯು ಮರವಂತೆಯಲ್ಲಿ ಅರಬ್ಬೀ ಸಮುದ್ರಕ್ಕೂ ಸೌಪರ್ಣಿಕಾ ನದಿಗೂ ನಡುವೆ ಹಾಯುತ್ತದೆ. ನೋಟಕ್ಕೆ ರಮ್ಯವಾದ ಈ ದಾರಿಯ ಉಪ್ಪುಗಾಳಿ ವಾಹನಗಳಿಗೆ ಹಿತವಲ್ಲ. ಮಳೆಗಾಲದ ತೇವವೂ ಸೇರಿದಾಗ ವಿದ್ಯುತ್ ತಂತಿಗಳ ಜೋಡಣೆಗಳಿಗೆ ಕಿಲುಬು ಹಿಡಿಯುತ್ತದೆ.

ಕಾರಿನ ಚಾಲಕನೆದುರಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದಿರುತ್ತದೆ. ಅದು ಸ್ಥಿರವಾಗಿ ಉರಿದರೆ ದೋಷವೊಂದು ದಾಖಲಾಗಿದೆಯೆಂದು ಅರ್ಥ. ಬೇಗನೆ ಪರೀಕ್ಷೆ ಮಾಡಿಸಬೇಕು. ಪೆಟ್ರೋಲ್ ಕಾರಿನಲ್ಲಿ ಅದು ಮಿನುಗತೊಡಗಿದರೆ ಸಂಗತಿಯೇ ಬೇರೆ. ಕಿಡಿ ಸರಿಯಾಗಿ ಹಾರದಿದ್ದಾಗ ಸಿಲಿಂಡರಿನಲ್ಲಿ ಉರಿಯದೆ ಉಳಿದ ಇಂಧನವು ಹೊಗೆಯ ಕೊಳವೆಯನ್ನು ಸೇರಿ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಪ್ಲಾಟಿನಂ, ಪಲೇಡಿಯಂಗಳಂಥ ದುಬಾರಿ ಲೋಹಗಳ ಲೇಪನವುಳ್ಳ ಆ ಭಾಗವು ಅತಿಯಾದ ಶಾಖಕ್ಕೆ ಒಳಗೇ ಕರಗಿಹೋಗಬಹುದು. ಆದುದರಿಂದ ವೇಗವನ್ನು ತಗ್ಗಿಸಿ, ಒಣಹುಲ್ಲಿಲ್ಲದ ಕಡೆ ಕಾರನ್ನು ನಿಲ್ಲಿಸಿ, ಮೆಕ್ಯಾನಿಕನನ್ನು ಕರೆಸುವುದು ಲೇಸು. ಬ್ಯಾಟರಿಯ ತಂತಿಯನ್ನು ಕಳಚಿ ದೀಪವನ್ನಷ್ಟೇ ಆರಿಸುವ ಜಾಣರೂ ಇದ್ದಾರೆ! ಅದರಿಂದ ದೋಷದ ದಾಖಲೆ ಅಳಿಸಿಹೋಗಿ, ಮೆಕ್ಯಾನಿಕನ ಕೆಲಸವೇ ಕಠಿಣವಾಗುತ್ತದೆ.

ಮೆಕ್ಯಾನಿಕನು ಸ್ಕ್ಯಾನರನ್ನು ಜೋಡಿಸಿದಾಗ ‘ಪಿ 0302’ ಎಂಬ ಸಂಕೇತ ಕಂಡಿತೆನ್ನೋಣ. ದೋಷವು ಎರಡನೆಯ ಸಿಲಿಂಡರಿನದು. ಸಿಲಿಂಡರಿಗೊಂದು ಇಗ್ನಿಷನ್ ಕಾಯಿಲ್ ಇರುವ ಕಾರಾದರೆ, ಎರಡನೆಯ ಮತ್ತು ಮೂರನೆಯ ಕಾಯಿಲುಗಳನ್ನು ಅದಲುಬದಲು ಮಾಡಿ ಎಂಜಿನ್ನನ್ನು ನಡೆಸಿ ನೋಡುತ್ತಾನೆ. ಸಂಕೇತವು ‘ಪಿ 0303’ ಆದರೆ ಕೆಟ್ಟಿರುವುದು ಕಾಯಿಲೇ. ಬದಲಾಗದಿದ್ದರೆ ಸ್ಪಾರ್ಕ್ ಪ್ಲಗ್ಗನ್ನೂ ಇಂಜೆಕ್ಟರನ್ನೂ ಕಿಲುಬು ಹಿಡಿದ ಜೋಡಣೆಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕಾಗುತ್ತದೆ.