ನಿಮಗಿದು ಗೊತ್ತೆ? ಬಣವೆಯ ದೂಳಿನ ಬೂಸ್ಟು
ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಳೇ ಬಣವೆಯಿಂದ ಹುಲ್ಲು ಹಿರಿದಾಗ ಏಳುವ ಬೂದು ದೂಳಿನಲ್ಲಿ ಆಸ್ಪರ್ಜಿಲಸ್ ಎಂಬ ಬೂಸ್ಟಿನ ಬೀಜಕಣಗಳಿರುತ್ತವೆ. ಒಂದೊಂದೂ 2–3 ಮೈಕ್ರಾನ್. ಉಸಿರಿನೊಡನೆ ಶ್ವಾಸಕೋಶದ ತಳ ಮುಟ್ಟುವಷ್ಟು ಸಣ್ಣವು. ಆರೋಗ್ಯವಂತರಲ್ಲಿ ಬಿಳಿ ರಕ್ತಕಣಗಳು ಅವನ್ನು ಅಲ್ಲೇ ಮುಗಿಸುತ್ತವೆ. ರಕ್ತದ ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುವ ಮಗುವಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿಳಿದಾಗ ಅದೇ ಬೂಸ್ಟು ಶ್ವಾಸಕೋಶದಲ್ಲಿ ಬೇರೂರಬಹುದು. ಇಂಥ ಮಗುವಿಗೆ ಆಂಟಿಬಯಾಟಿಕ್ ಕೊಟ್ಟು 4 ದಿನವಾದರೂ ಜ್ವರ ಬಿಡದಿದ್ದರೆ ವೈದ್ಯರು ಇಂಥ ಬೂಸ್ಟನ್ನು, ಅಂದರೆ ಶಿಲೀಂಧ್ರವನ್ನು ಶಂಕಿಸಿ ಸಿ.ಟಿ. ಸ್ಕ್ಯಾನ್ ಮಾಡಿಸುವುದು ಇದಕ್ಕೇ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಿಂದ ಚಿಕಿತ್ಸೆಯ ನಡುವೆ ಊರಿಗೆ ಬಂದ ಮಗುವನ್ನು ಬಣವೆ, ಕೊಟ್ಟಿಗೆ, ಕಟ್ಟಡ ಒಡೆಯುವ ಜಾಗದಿಂದ ದೂರವಿಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲೆಂದು ದಯವಿಟ್ಟು ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.