ಬರ್ಲಿನ್‌ನಲ್ಲಿ ಕೂತ ಡಿಸೈನರ್‌ಗೆ ಪಿಂಚಣಿ, ಕಡೂರಿನಲ್ಲಿ ಕೂತವರಿಗೆ ಏನು?

'ಗ್ರಾಫಿಕ್ ಡಿಸೈನರ್ ಆಗಿ ಫಾರಿನ್‌ಗೆ ಹೋದ್ರೆ ಎಷ್ಟು ಸಿಗುತ್ತೆ ಅಣ್ಣಾ?' ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಹುಡುಗ ಹುಡುಗಿಯರು ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಇದು. ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಎರಡೂ ಕಡೆಯ ಲೆಕ್ಕ ಗೊತ್ತಿರುತ್ತೆ ಅನ್ನೋ ನಂಬಿಕೆ ಇರಬೇಕು. ಸಂಬಳದ ಅಂಕಿ ಗೂಗಲ್‌ನಲ್ಲೇ ಸಿಗುತ್ತದೆ. ನಾವು ಕೇಳಬೇಕಾದದ್ದು ಇನ್ನೊಂದು ಪ್ರಶ್ನೆ: ಸ್ವಂತವಾಗಿ ದುಡಿಯುವ ಡಿಸೈನರ್ ಕಾಯಿಲೆ ಬಿದ್ದಾಗ, ವಯಸ್ಸಾದಾಗ ಆ ಹೊರೆಯಲ್ಲಿ ಪಾಲು ಹೊರುವವರು ಯಾರು?

ಬಾಗಿಲು ಎಲ್ಲಿ ತೆರೆದಿದೆ?

ಮೊದಲು ವೀಸಾ ವಿಚಾರ. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಐದಾರು ಜನರ ಡಿಸೈನ್ ಸ್ಟುಡಿಯೊ ಇಷ್ಟು ದುಡ್ಡು ಕಟ್ಟಿ ಯಾರನ್ನಾದರೂ ಕರೆಸಿಕೊಳ್ಳುತ್ತೆ ಅಂತ ನಂಬೋದು ಕಷ್ಟ. ಜರ್ಮನಿಯದ್ದು ಇದಕ್ಕೆ ತದ್ವಿರುದ್ಧ ದಾರಿ. 2024ರ ಅಕ್ಟೋಬರ್‌ನಲ್ಲಿ ಅದು ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು.

ಅಲ್ಲಿ ಫ್ರೀಲ್ಯಾನ್ಸರ್‌ಗಳಿಗೆ ಪ್ರತ್ಯೇಕ ವಾಸದ ಪರವಾನಗಿಯೂ ಇದೆ. ಕೆಲಸ ಕೊಡಲು ಸಿದ್ಧ ಎನ್ನುವ ಗಿರಾಕಿಗಳ ಪತ್ರ, ಆರೋಗ್ಯ ವಿಮೆ, ಜೀವನ ನಡೆಸುವಷ್ಟು ಆದಾಯದ ಲೆಕ್ಕ, ಇಷ್ಟನ್ನು ತೋರಿಸಬೇಕು. 45 ದಾಟಿದವರು ವೃದ್ಧಾಪ್ಯಕ್ಕೆ ಏನು ವ್ಯವಸ್ಥೆ ಮಾಡಿಕೊಂಡಿದ್ದೀವಿ ಅನ್ನೋದನ್ನೂ ತೋರಿಸಬೇಕಾಗುತ್ತದೆ. ಸುಲಭ ಅಂತ ಹೇಳ್ತಿಲ್ಲ. ಪರವಾನಗಿಗೆ ಅವಧಿ ಇರುತ್ತದೆ. ಕೆಲಸ ಕಡಿಮೆಯಾದ ವರ್ಷ ನವೀಕರಣದ ಚಿಂತೆ ಶುರು. ತೆರಿಗೆ ಕಚೇರಿಯ ಪತ್ರ ಜರ್ಮನ್‌ನಲ್ಲೇ ಬರುತ್ತೆ, ಇನ್‌ವಾಯ್ಸ್ ನಾವೇ ಬರೆಯಬೇಕು, ಬಾಕಿ ದುಡ್ಡಿಗೆ ನಾವೇ ಬೆನ್ನು ಹತ್ತಬೇಕು.

ಕೆಲಸದ ರೀತಿಯೂ ಬೇರೆ. ಕಡೂರು, ಬೀರೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಸಾಮಾನ್ಯವಾಗಿ ಡಿಸೈನ್‌ಗೆ ಅಂತ ಬೇರೆ ದುಡ್ಡಿಲ್ಲ. ಚದರಡಿ ಲೆಕ್ಕದ ಪ್ರಿಂಟಿಂಗ್ ರೇಟಿನಲ್ಲೇ ಅದೂ ಮುಗಿದುಹೋಗುತ್ತೆ. ಜರ್ಮನಿಯ ಕಾನೂನಿನಲ್ಲಿ ಕೃತಿಸ್ವಾಮ್ಯವನ್ನು ಮಾರಲಿಕ್ಕೇ ಬರುವುದಿಲ್ಲ, ಬಳಸುವ ಹಕ್ಕನ್ನು ಮಾತ್ರ ಕೊಡಬಹುದು. ಹಾಗಾಗಿ ಅಲ್ಲಿನ ಡಿಸೈನರ್ ತನ್ನ ಶ್ರಮಕ್ಕೆ ಒಂದು ದರ, ಎಷ್ಟು ಕಾಲ, ಯಾವ ದೇಶದಲ್ಲಿ ಬಳಸ್ತೀರಿ ಅನ್ನೋದಕ್ಕೆ ಇನ್ನೊಂದು ದರ ಹೇಳಬಹುದು.

ಅರ್ಧ ನಿನ್ನದು, ಅರ್ಧ ನಮ್ಮದು

ಈಗ ನಿಜವಾದ ವ್ಯತ್ಯಾಸಕ್ಕೆ ಬರೋಣ. ಜರ್ಮನಿಯಲ್ಲಿ 1983ರಿಂದ 'ಕ್ಯುನ್ಸ್ಟ್ಲರ್‌ಸೋಝಿಯಾಲ್‌ಕಾಸ್ಸೆ' ಎಂಬ ವ್ಯವಸ್ಥೆ ಇದೆ. ಸರಳವಾಗಿ ಕಲಾವಿದರ ಸಾಮಾಜಿಕ ನಿಧಿ ಅನ್ನಬಹುದು. ಬರಹಗಾರರು, ಸಂಗೀತಗಾರರ ಜೊತೆ ಗ್ರಾಫಿಕ್ ಡಿಸೈನರ್‌ಗಳೂ ಇದಕ್ಕೆ ಸೇರಬಹುದು. ಸಾಮಾನ್ಯವಾಗಿ ಈ ಕೆಲಸದಿಂದ ವರ್ಷಕ್ಕೆ 3,900 ಯೂರೊಗಿಂತ ಹೆಚ್ಚು ಆದಾಯ ಇರಬೇಕು.

ಆರೋಗ್ಯ ವಿಮೆ, ಆರೈಕೆ ವಿಮೆ, ಪಿಂಚಣಿ, ಈ ಮೂರರ ಕಂತಿನಲ್ಲಿ ಡಿಸೈನರ್ ಕಟ್ಟುವುದು ಅರ್ಧ ಮಾತ್ರ, ನೌಕರರ ಹಾಗೆಯೇ. ಉಳಿದ ಅರ್ಧದಲ್ಲಿ ಶೇ. 20 ಸರ್ಕಾರದ್ದು, ಶೇ. 30 ಕೆಲಸ ಕೊಡಿಸುವ ಕಂಪನಿಗಳದ್ದು. ಕಂಪನಿಗಳು ಕಲಾವಿದರಿಗೆ ಕೊಟ್ಟ ಸಂಭಾವನೆಯ ಮೇಲೆ ಒಂದು ಶುಲ್ಕ ಕಟ್ಟುತ್ತವೆ. 2025ರಲ್ಲಿ ಅದು ಶೇ. 5 ಇತ್ತು. ಇದನ್ನು ಡಿಸೈನರ್‌ನ ದುಡ್ಡಿನಲ್ಲಿ ಹಿಡಿಯುವಂತಿಲ್ಲ. ನಿರುದ್ಯೋಗ ವಿಮೆ ಇದರಲ್ಲಿಲ್ಲ, ಅದೊಂದು ಕೊರತೆ. ಆದರೂ 'ಕಂಪನಿಯ ನೌಕರನಲ್ಲ, ಹಾಗಾಗಿ ನಮ್ಮ ಹೊಣೆ ಅಲ್ಲ' ಎಂಬ ಮಾತಿಗೆ ಅಲ್ಲಿ ಜಾಗ ಇಲ್ಲ.

ಕಡೂರಿನ ಪಾಲು ಎಲ್ಲಿ ಹೋಯ್ತು?

ಇಲ್ಲೊಂದು ಸಂಗತಿ ಗಮನಿಸಿ. ಶುಲ್ಕದ ವ್ಯಾಪ್ತಿಗೆ ಬರುವ ಜರ್ಮನ್ ಕಂಪನಿ, ವಿದೇಶದಲ್ಲಿರುವ ಫ್ರೀಲ್ಯಾನ್ಸರ್‌ಗೆ ಕೊಟ್ಟ ಸಂಭಾವನೆಯ ಮೇಲೂ ಈ ಶುಲ್ಕ ಕಟ್ಟಬೇಕು. ಅಂದರೆ ಕಡೂರಿನ ಮನೆಯಲ್ಲಿ ಕೂತು ಬರ್ಲಿನ್‌ನ ಕಂಪನಿಗೆ 1,000 ಯೂರೊ ಕೆಲಸ ಮಾಡಿಕೊಟ್ಟರೆ, ಶೇ. 5ರ ಲೆಕ್ಕದಲ್ಲಿ 50 ಯೂರೊ ಆ ನಿಧಿಗೆ ಹೋಗುತ್ತದೆ. ಕಡೂರಿನವರಿಗೆ ಅದರಿಂದ ವಿಮೆಯೂ ಇಲ್ಲ, ಪಿಂಚಣಿಯೂ ಇಲ್ಲ.

ಇದನ್ನು ಮೋಸ ಅನ್ನುವಂತಿಲ್ಲ. ಹೊರದೇಶದವರಿಗೆ ಕೊಟ್ಟ ಕೆಲಸಕ್ಕೆ ಶುಲ್ಕ ಇಲ್ಲದಿದ್ದರೆ ಕಂಪನಿಗಳು ಅದನ್ನು ಉಳಿಸಲಿಕ್ಕೇ ಕೆಲಸವನ್ನು ಹೊರಗೆ ಕಳಿಸಬಹುದು. ಅಲ್ಲಿನ ಡಿಸೈನರ್‌ಗಳಿಗೆ ಹೊಡೆತ ಬೀಳಬಾರದು ಅನ್ನೋದು ಈ ನಿಯಮದ ತರ್ಕ. ಆದರೆ ಜರ್ಮನಿ ತನ್ನ ಕಲಾವಿದರ ಪರ ಯೋಚಿಸಿದೆ ಅಂದ ಮೇಲೆ, ನಮ್ಮವರ ಪರ ಯೋಚಿಸಬೇಕಾದವರು ಯಾರು?

ನಮ್ಮಲ್ಲಿ ಶುರುವಾಗಿದೆ, ಆದರೆ...

ಕೆಲಸ ಪಡೆಯುವವನೂ ಕಲ್ಯಾಣಕ್ಕೆ ದುಡ್ಡು ಕೊಡಲಿ ಎಂಬ ತತ್ವ ಕರ್ನಾಟಕಕ್ಕೆ ಹೊಸದಲ್ಲ. 2025ರ ಗಿಗ್ ಕಾರ್ಮಿಕರ ಕಾಯ್ದೆ ಇದನ್ನೇ ಮಾಡಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕಲು ಅದರಲ್ಲಿ ಅವಕಾಶ ಇದೆ. ಆದರೆ ಅದು ಪ್ಲಾಟ್‌ಫಾರಂ ಮೂಲಕ ದುಡಿಯುವವರ ಕಾಯ್ದೆ. ವಾಟ್ಸಾಪ್, ಇ-ಮೇಲ್‌ನಲ್ಲಿ ನೇರ ಕೆಲಸ ಹಿಡಿಯುವ ಡಿಸೈನರ್ ಅದರ ಹೊರಗೇ ಉಳೀತಾರೆ.

ಭಾರತ ಮತ್ತು ಜರ್ಮನಿ ನಡುವೆ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದಲೇ ಜಾರಿಯಲ್ಲಿದೆ. ಅಲ್ಲಿ ಪಿಂಚಣಿ ಅರ್ಹತೆ ಗಳಿಸಿದವರು ಊರಿಗೆ ಮರಳಿದರೂ ಅದನ್ನು ಪಡೆಯಬಹುದು. ಊರಲ್ಲೇ ಇದ್ದು ಅಲ್ಲಿನ ಕಂಪನಿಗೆ ದುಡಿದವರಿಗೆ ಮಾತ್ರ ಇದರಿಂದ ಏನೂ ಸಿಗದು.

ಹಾಗಾಗಿ ಎರಡು ಬೇಡಿಕೆ ಇಡಬಹುದು. ಒಂದು, ಪ್ಲಾಟ್‌ಫಾರಂ ಇಲ್ಲದೆ ದುಡಿಯುವ ಡಿಸೈನರ್, ಅನುವಾದಕ, ವಿಡಿಯೊ ಎಡಿಟರ್‌ಗಳೂ ತಮ್ಮ ಅರ್ಧ ಪಾಲು ಕಟ್ಟಿ ಸೇರಬಹುದಾದ ನಿಧಿಯನ್ನು ರಾಜ್ಯ ಸರ್ಕಾರ ಮಾಡಲಿ. ಎರಡು, ನಮ್ಮವರ ಸಂಭಾವನೆಯ ಮೇಲೆ ಅಲ್ಲಿ ಕಟ್ಟುವ ಶುಲ್ಕದ ಒಂದು ಭಾಗ ಆ ನಿಧಿಗೆ ಬರಲಿ ಎಂದು ಕೇಂದ್ರ ಸರ್ಕಾರ ಜರ್ಮನಿ ಜೊತೆ ಮಾತಾಡಲಿ. ವೀಸಾ ಸಂಖ್ಯೆಯ ಬಗ್ಗೆ ಎರಡು ದೇಶಗಳು ಮಾತಾಡಬಲ್ಲವಾದರೆ ಈ 50 ಯೂರೊ ಬಗ್ಗೆಯೂ ಮಾತಾಡಬಹುದು. ಮುಂದಿನ ಚುನಾವಣೆಗೆ ಫ್ಲೆಕ್ಸ್ ಡಿಸೈನ್ ಮಾಡಿಸಲಿಕ್ಕೆ ಬರುವ ಅಭ್ಯರ್ಥಿಗಳನ್ನು ಮೊದಲು ಇದನ್ನೇ ಕೇಳಿ.