ಜೇನಿನ ಕಂಪು, ಗಂಧದ ನೆಲೆ: ಸುಗಂಧ ತಯಾರಿಕೆಯಲ್ಲಿ ಸಹಜ ದ್ರವ್ಯಗಳು

ಘ್ರಾಣೇಂದ್ರಿಯದ ಅನುಭವವನ್ನು ಸೂಚಿಸುವ ಪದಗಳು ಕನ್ನಡದಲ್ಲಿ ಹೇರಳವಾಗಿವೆ. ಕಂಪು, ನರುಗಂಪು, ಪರಿಮಳ, ಸೌರಭ, ಘಮ, ಸೊಗಡು, ವಾಸನೆ, ನಾತ ಎಂಬಿವುಗಳ ನಡುವಣ ಅರ್ಥಭೇದವು ಸೂಕ್ಷ್ಮವಾದುದು. ಹಳಗನ್ನಡದ 'ನಾಱು' ಎಂಬ ಧಾತುವಿಗೆ ವಾಸನೆಯನ್ನು ಬೀರು ಎಂಬುದು ಮೂಲಾರ್ಥವಾಗಿದ್ದು, ಅದು ಕ್ರಮೇಣ ದುರ್ವಾಸನೆಗೆ ಮಾತ್ರ ಸೀಮಿತವಾಯಿತು. ಅದರ ಸಂಬಂಧಿಯಾದ 'ನಱು' ಎಂಬುದು 'ನರುಗಂಪು' ಎಂಬ ಸಮಾಸದಲ್ಲಿ ಒಳ್ಳೆಯ ಅರ್ಥವನ್ನು ಉಳಿಸಿಕೊಂಡಿತು. 'ಗಂಧ' ಎಂಬ ಪದದ ಇತಿಹಾಸ ಬೇರೆ ಬಗೆಯದು. ಸಂಸ್ಕೃತದಲ್ಲಿ ವಾಸನೆಯೆಂಬ ಸಾಮಾನ್ಯಾರ್ಥವಿರುವ ಈ ಪದ ಕನ್ನಡಿಗರ ದಿನಬಳಕೆಯಲ್ಲಿ ಒಂದು ಮರದ, ಆ ಮರದಿಂದ ತೇಯ್ದ ಲೇಪದ ಹೆಸರಾಗಿ ನೆಲೆನಿಂತಿದೆ. ಈ ಎರಡು ಅರ್ಥಪರಿವರ್ತನೆಗಳೂ ಸುಗಂಧ ತಯಾರಿಕೆಯ ಎರಡು ಮುಖ್ಯ ತತ್ತ್ವಗಳನ್ನು ನೆನಪಿಗೆ ತರುತ್ತವೆ. ಕಂಪು ಮತ್ತು ನಾತ ಒಂದೇ ದ್ರವ್ಯದ ಎರಡು ಪ್ರಮಾಣಗಳಾಗಿರಬಹುದು ಎಂಬುದು ಮೊದಲನೆಯದು. ಹಲವು ಕಂಪುಗಳು ನಿಲ್ಲಬೇಕಾದರೆ ಅವುಗಳಿಗೊಂದು ನೆಲೆ ಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಜೇನಿನಿಂದ ಪಡೆಯುವ ಸಾರವೂ ಎರಡನೆಯದಕ್ಕೆ ಶ್ರೀಗಂಧದ ತೈಲವೂ ಉತ್ತಮ ನಿದರ್ಶನಗಳಾಗಿವೆ.

1. ಪರಂಪರೆಯ ಹಿನ್ನೆಲೆ

ಸುಗಂಧ ತಯಾರಿಕೆಯು ಭಾರತೀಯ ಪರಂಪರೆಯಲ್ಲಿ 'ಗಂಧಯುಕ್ತಿ' ಎಂಬ ಹೆಸರಿನಿಂದ ಒಂದು ಶಾಸ್ತ್ರವಾಗಿ ಬೆಳೆದಿತ್ತು. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಇದೇ ಹೆಸರಿನ ಅಧ್ಯಾಯವಿದೆ. ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1820 ಸಂಯೋಜನೆಗಳು ಸಾಧ್ಯವೆಂದು ಅಲ್ಲಿ ಲೆಕ್ಕ ಹಾಕಲಾಗಿದೆ. ಗಣಿತದ ಇತಿಹಾಸಕಾರರೂ ಗಮನಿಸಿರುವ ಈ ಲೆಕ್ಕವು, ಸುಗಂಧವೆಂಬುದು ದ್ರವ್ಯಕ್ಕಿಂತ ಹೆಚ್ಚಾಗಿ ಸಂಯೋಜನೆಯ ವಿದ್ಯೆ ಎಂಬ ಅರಿವನ್ನು ಸೂಚಿಸುತ್ತದೆ. ಕನ್ನಡದಲ್ಲಿ, ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವು ಉದಕಾರ್ಗಳ, ವೃಕ್ಷಾಯುರ್ವೇದ, ಸೂಪಶಾಸ್ತ್ರಗಳ ಜೊತೆಗೆ ಸುಗಂಧ ತಯಾರಿಕೆಗೂ ಸ್ಥಾನ ನೀಡಿದೆ. 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ವಿಲೇಪನ ಮತ್ತು ಧೂಪಗಳು ರಾಜಭೋಗಗಳ ಸಾಲಿನಲ್ಲಿ ವರ್ಣಿತವಾಗಿವೆ. ಅಡುಗೆ, ಕೃಷಿ, ವೈದ್ಯಗಳಂತೆ ಕಂಪಿನ ತಯಾರಿಕೆಯನ್ನೂ ಲೋಕೋಪಯೋಗಿ ವಿದ್ಯೆಯೆಂದು ಭಾವಿಸಿ ದೇಶಭಾಷೆಯಲ್ಲಿ ಬರೆದ ಚಾವುಂಡರಾಯನ ದೃಷ್ಟಿ ಗಮನಾರ್ಹವಾದುದು.

ಜೇನಿಗೂ ಸುಗಂಧಕ್ಕೂ ಇರುವ ಸಂಬಂಧ ಇನ್ನೂ ಹಳೆಯದು. ಪ್ರಾಚೀನ ಈಜಿಪ್ಟಿನ 'ಕೈಫಿ' ಎಂಬ ಧೂಪದ್ರವ್ಯದಲ್ಲಿ ರಾಳ, ದ್ರಾಕ್ಷಾರಸಗಳೊಡನೆ ಜೇನುತುಪ್ಪವೂ ಸೇರುತ್ತಿತ್ತು. ಜಪಾನಿನಲ್ಲಿ ಇಂದಿಗೂ ತಯಾರಾಗುವ 'ನೆರಿಕೊ' ಎಂಬ ಧೂಪದ ಗುಳಿಗೆಗಳನ್ನು ಜೇನಿನಲ್ಲಿ ಕಲಸಿ ಕಟ್ಟುತ್ತಾರೆ. ಆದರೆ ಇಂತಹ ಬಳಕೆಗಳಲ್ಲಿ ಜೇನಿನ ಮುಖ್ಯ ಕೆಲಸ ಪುಡಿಗಳನ್ನು ಬೆಸೆಯುವುದು ಮತ್ತು ಅವು ಒಣಗದಂತೆ ಕಾಯುವುದು. ಜೇನಿನ ಕಂಪನ್ನೇ ಬೇರ್ಪಡಿಸಿ ಒಂದು ಸುಗಂಧದ್ರವ್ಯವಾಗಿ ಬಳಸುವುದು ಆಧುನಿಕ ಕಾಲದ ಬೆಳವಣಿಗೆ.

2. 'ಸಹಜ' ಎಂಬುದರ ಅರ್ಥ

ಹೂವಿನ ಕಂಪು ಬೇರೆ, ಹೂವಿನಿಂದ ತೆಗೆದ ದ್ರವ್ಯದ ಕಂಪು ಬೇರೆ. ಪ್ರತಿಯೊಂದು ವಿಧಾನವೂ ಸಸ್ಯದ ವಾಸನೆಯ ಒಂದು ಪಾಲನ್ನು ಹಿಡಿದು ಮತ್ತೊಂದನ್ನು ಬಿಟ್ಟುಬಿಡುತ್ತದೆ. ಗುಲಾಬಿಯು ಇದಕ್ಕೆ ಪ್ರಸಿದ್ಧ ಉದಾಹರಣೆ. ನೀರಿನೊಡನೆ ಬಟ್ಟಿ ಇಳಿಸಿದಾಗ ದೊರೆಯುವ ಗುಲಾಬಿ ತೈಲದಲ್ಲಿ ಫಿನೈಲ್ ಈಥೈಲ್ ಆಲ್ಕೊಹಾಲ್ ಎಂಬ ಘಟಕ ಅತ್ಯಲ್ಪ. ಏಕೆಂದರೆ ಅದು ನೀರಿನಲ್ಲಿ ಕರಗಿ ಪನ್ನೀರಿನ ಪಾಲಾಗುತ್ತದೆ. ಅದೇ ಹೂವನ್ನು ದ್ರಾವಕದಿಂದ ಸಂಸ್ಕರಿಸಿದರೆ ದೊರೆಯುವ ಸಾರದಲ್ಲಿ ಈ ಘಟಕವೇ ಅರ್ಧಕ್ಕಿಂತ ಹೆಚ್ಚಿರುತ್ತದೆ. ಎರಡೂ ಸಹಜವೇ, ಎರಡೂ ಒಂದೇ ಹೂವಿನವು, ಆದರೆ ಮೂಗಿಗೆ ಎರಡೂ ಒಂದಲ್ಲ.

ಮಲ್ಲಿಗೆ, ಸುಗಂಧರಾಜದಂತಹ ಸುಕುಮಾರ ಹೂಗಳು ಕುದಿಯುವ ನೀರಿನ ಶಾಖವನ್ನು ತಾಳಲಾರವು. ಅವುಗಳಿಗೆ ದ್ರಾವಕದ ಮಾರ್ಗವೇ ಸೂಕ್ತ. ಹೂಗಳನ್ನು ಹೆಕ್ಸೇನ್‌ನಂತಹ ದ್ರಾವಕದಲ್ಲಿ ತೊಳೆದು, ದ್ರಾವಕವನ್ನು ಆವಿಯಾಗಿಸಿದಾಗ ಉಳಿಯುವ ಮೇಣದಂತಹ ಗಟ್ಟಿ ವಸ್ತುವಿಗೆ ಉದ್ಯಮದಲ್ಲಿ 'ಕಾಂಕ್ರೀಟ್' ಎಂದು ಹೆಸರು. ಕಟ್ಟಡದ ಕಾಂಕ್ರೀಟಿನೊಡನೆ ಗೊಂದಲವಾಗದಂತೆ ಇದನ್ನು ಕನ್ನಡದಲ್ಲಿ 'ಮೇಣಸಾರ' ಎನ್ನಬಹುದು. ಇದನ್ನು ಮದ್ಯಸಾರದಲ್ಲಿ ಕರಗಿಸಿ, ತಣಿಸಿ, ಹೆಪ್ಪುಗಟ್ಟಿದ ಮೇಣವನ್ನು ಸೋಸಿ, ಮದ್ಯಸಾರವನ್ನು ತೆಗೆದಾಗ ಉಳಿಯುವುದೇ 'ಅಬ್ಸಲ್ಯೂಟ್'; ಇದಕ್ಕೆ 'ಶುದ್ಧಸಾರ' ಎಂಬುದು ಒಪ್ಪುವ ಪದ. ಒಂದು ಟನ್ ಮಲ್ಲಿಗೆಯಿಂದ ಸುಮಾರು ಎರಡೂವರೆಯಿಂದ ಮೂರು ಕಿಲೋ ಮೇಣಸಾರವೂ, ಅದರಿಂದ ಹೆಚ್ಚುಕಡಿಮೆ ಅರ್ಧದಷ್ಟು ಶುದ್ಧಸಾರವೂ ದೊರೆಯುತ್ತವೆ. ಈ ದ್ರವ್ಯಗಳ ದುಬಾರಿ ಬೆಲೆಯ ಹಿಂದೆ ಸೂರ್ಯೋದಯಕ್ಕೆ ಮುನ್ನವೇ ಹೂ ಬಿಡಿಸುವ ಅಸಂಖ್ಯ ಕೈಗಳ ಶ್ರಮವಿದೆ.

ಇದಕ್ಕಿಂತ ಹಳೆಯದಾದ ಭಾರತೀಯ ವಿಧಾನವೊಂದು ಎಳ್ಳನ್ನು ಆಶ್ರಯಿಸಿದೆ. ಎಳ್ಳು ಮತ್ತು ಹೂಗಳನ್ನು ಪದರ ಪದರವಾಗಿ ಹರಡಿ, ಬಾಡಿದ ಹೂಗಳನ್ನು ತೆಗೆದು ಹೊಸ ಹೂಗಳನ್ನು ಹಾಕುತ್ತ ಹೋದರೆ ಎಳ್ಳು ಕಂಪನ್ನು ಹೀರಿಕೊಳ್ಳುತ್ತದೆ. ಆ ಎಳ್ಳನ್ನು ಗಾಣಕ್ಕೆ ಹಾಕಿದರೆ ಹೂವಿನೆಣ್ಣೆ ದೊರೆಯುತ್ತದೆ. 'ಎಣ್ಣೆ' ಎಂಬ ಪದವೇ 'ಎಳ್' ಮತ್ತು 'ನೆಯ್' ಎಂಬುವುಗಳ ಕೂಡುವಿಕೆಯಿಂದ ಬಂದುದೆಂಬುದನ್ನು ಇಲ್ಲಿ ಸ್ಮರಿಸಬಹುದು.

3. ಜೇನಿನ ಶುದ್ಧಸಾರ

ಜೇನುತುಪ್ಪದಲ್ಲಿ ಸುಮಾರು 80 ಭಾಗ ಸಕ್ಕರೆಗಳು, 17-18 ಭಾಗ ನೀರು. ಇವೆರಡಕ್ಕೂ ಹೇಳಿಕೊಳ್ಳುವಂತಹ ವಾಸನೆಯಿಲ್ಲ. ಕಂಪಿಗೆ ಕಾರಣವಾದ ಘಟಕಗಳು ಅತ್ಯಲ್ಪ ಪ್ರಮಾಣದಲ್ಲಿ ಅಡಗಿರುತ್ತವೆ. ಆದ್ದರಿಂದ ಜೇನುತುಪ್ಪವನ್ನು ನೇರವಾಗಿ ಅತ್ತರಿಗೆ ಬೆರೆಸಿದರೆ ಅಂಟು ಉಳಿಯುತ್ತದೆಯೇ ಹೊರತು ಕಂಪು ಏಳುವುದಿಲ್ಲ. ಸಕ್ಕರೆಯು ಮದ್ಯಸಾರದಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಈ ತೊಡಕಿಗೆ ಪರಿಹಾರವಾಗಿ ಸುಗಂಧಕಾರರು ಎರಡು ಆಕರಗಳನ್ನು ಬಳಸುತ್ತಾರೆ. ಜೇನುತುಪ್ಪದಿಂದಲೇ ದ್ರಾವಕದ ಮೂಲಕ ತೆಗೆದ ಸಾರ ಒಂದು; ಜೇನುಹುಟ್ಟಿನ ಮೇಣದಿಂದ ತೆಗೆದ ಸಾರ ಇನ್ನೊಂದು. ಫ್ರಾನ್ಸಿನ ಗ್ರಾಸ್ ಪಟ್ಟಣದ ಸುಗಂಧೋದ್ಯಮದಲ್ಲಿ ಎರಡನೆಯದು ಪ್ರಸಿದ್ಧ. ವ್ಯಾಪಾರದಲ್ಲಿ ಎರಡೂ ಜೇನಿನ ಹೆಸರಿನಲ್ಲಿ ಸಲ್ಲುವುದರಿಂದ ಕೊಳ್ಳುವವರು ಆಕರವನ್ನು ವಿಚಾರಿಸಬೇಕಾಗುತ್ತದೆ.

ಮೇಣದ ಸಾರಕ್ಕೆ ಸಾಮಾನ್ಯವಾಗಿ ಹಲವು ಬಾರಿ ಮರಿಗಳು ಬೆಳೆದ, ಬಣ್ಣಗಟ್ಟಿದ ಹಳೆಯ ಎರಿಗಳನ್ನು ಆರಿಸುತ್ತಾರೆ. ಅವುಗಳಲ್ಲಿ ಮೇಣದೊಡನೆ ಪರಾಗ, ಜೇನಿನ ಶೇಷ, ಹುಳುಗಳು ಮರಗಳಿಂದ ತಂದ ಅಂಟು ಎಲ್ಲವೂ ಸೇರಿರುತ್ತವೆ. ಎರಿಯನ್ನು ತೊಳೆದು ಮದ್ಯಸಾರದಿಂದ ಸಂಸ್ಕರಿಸಿದಾಗ ಅತಿ ಕಡಿಮೆ ಪ್ರಮಾಣದ, ಹಳದಿಯಿಂದ ಕಂದು ಬಣ್ಣದ ಗಟ್ಟಿ ಸಾರ ದೊರೆಯುತ್ತದೆ. ಅದರಲ್ಲಿ ಜೇನಿನ ಸಿಹಿಯಷ್ಟೇ ಅಲ್ಲದೆ ಒಣಹುಲ್ಲು, ತಂಬಾಕು, ಬಾಡಿದ ಹೂ ಇವುಗಳ ಛಾಯೆಯೂ ಇರುತ್ತದೆ. ಮೇಣವನ್ನು ಶುದ್ಧಗೊಳಿಸುವವರು ತೆಗೆದುಹಾಕಬಯಸುವ ಬಣ್ಣ, ಕಶ್ಮಲ, ವಾಸನೆಗಳೇ ಸುಗಂಧಕಾರನಿಗೆ ಬೇಕಾದವು ಎಂಬುದು ಇಲ್ಲಿನ ವೈಚಿತ್ರ್ಯ. ಕರ್ನಾಟಕದ ಕಾಡುಗಳಲ್ಲಿ ಜೇನುಕುರುಬರು, ಸೋಲಿಗರು ಮೊದಲಾದವರು ಹೆಜ್ಜೇನನ್ನು ತೆಗೆದ ಮೇಲೆ ಎರಿಯನ್ನು ನೀರಿನಲ್ಲಿ ಕುದಿಸಿ ಮೇಣ ಮಾಡುವ ರೂಢಿಯಿದೆ. ಆ ಕುದಿತದಲ್ಲಿ ಕಂಪಿನ ಒಂದಂಶ ಹಾರಿಹೋಗುತ್ತದೆ. ಒಂದೇ ಎರಿಯ ಬೆಲೆಯು ಅದನ್ನು ಯಾವ ಉದ್ದೇಶಕ್ಕೆ ಸಂಸ್ಕರಿಸಲಾಗುತ್ತದೆ ಎಂಬುದನ್ನು ಅವಲಂಬಿಸಿದೆಯೆಂಬುದು ಸಂಗ್ರಾಹಕರ ದೃಷ್ಟಿಯಿಂದ ಮುಖ್ಯವಾದ ಸಂಗತಿ.

ಜೇನಿನ ಕಂಪಿನಲ್ಲಿ ಫಿನೈಲ್ ಅಸಿಟಿಕ್ ಆಮ್ಲಕ್ಕೆ ಪ್ರಧಾನ ಪಾತ್ರವಿದೆ. ಈ ಆಮ್ಲವು ತೆಳುವಾದಾಗ ಜೇನಿನಂತೆಯೂ, ದಟ್ಟವಾದಾಗ ಪ್ರಾಣಿಮೂತ್ರದಂತೆಯೂ ತೋರುತ್ತದೆ. 'ನಾಱು' ಧಾತುವಿನ ಎರಡು ಅರ್ಥಗಳೂ ಒಂದೇ ಅಣುವಿನಲ್ಲಿ ಅಡಗಿವೆಯೆನ್ನಬಹುದು. ಆದಕಾರಣ ಜೇನಿನ ಶುದ್ಧಸಾರವನ್ನು ಬಳಸುವವರು ಮೊದಲು ಅದನ್ನು ಹದವಾಗಿ ಬೆಚ್ಚಗೆ ಮಾಡಿ, ಮದ್ಯಸಾರದಲ್ಲಿ ಶೇಕಡಾ ಹತ್ತರಷ್ಟು ಅಥವಾ ಅದಕ್ಕೂ ತೆಳುವಾಗಿ ಕರಗಿಸಿ, ಕರಗದೆ ಉಳಿದ ಮೇಣವನ್ನು ಸೋಸಿ, ಹನಿಹನಿಯಾಗಿ ಸೇರಿಸುತ್ತಾರೆ. ಮಿಶ್ರಣವು ಪಕ್ವವಾಗಲು ಕೆಲವು ವಾರಗಳು ಬೇಕು. ಅಂದಂದೇ ಮೂಸಿ ನಿರ್ಣಯಿಸುವುದು ಸಲ್ಲದು. ಹಿತಮಿತವಾದ ಜೇನು ಗುಲಾಬಿಗೆ ಮಾಗಿದ ಗುಣವನ್ನೂ, ಕಿತ್ತಳೆ ಹೂವಿಗೆ ದೇಹವನ್ನೂ, ತಂಬಾಕಿನ ಛಾಯೆಗೆ ಮಾರ್ದವವನ್ನೂ ಕೊಡುತ್ತದೆ. ಇಂತಹ ಪ್ರಾಣಿಮೂಲದ ಆಳವನ್ನು ಹಿಂದೆ ಕಸ್ತೂರಿ, ಪುನುಗುಗಳಿಂದ ಪಡೆಯಲಾಗುತ್ತಿತ್ತು. ಕಸ್ತೂರಿಗಾಗಿ ಮೃಗವನ್ನು ಕೊಲ್ಲಲಾಗುತ್ತಿತ್ತು, ಪುನುಗಿಗಾಗಿ ಬೆಕ್ಕನ್ನು ಸೆರೆಯಲ್ಲಿಡಲಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಭಾರತದಲ್ಲಿ ಕಸ್ತೂರಿಯ ದಾರಿ ಮುಚ್ಚಿದೆ. ಗೂಡನ್ನು ನಾಶಮಾಡದೆ ಪಡೆದ ಎರಿಯ ಸಾರವು ಆ ಕೊರತೆಯನ್ನು ಭಾಗಶಃ ತುಂಬಬಲ್ಲದು.

4. ನೆಲೆಯಾಗಿ ಶ್ರೀಗಂಧ

ಹೂವಿನ ಕಂಪು ಬೇಗ ಹಾರುತ್ತದೆ. ಅದನ್ನು ಹಿಡಿದಿಡಲು ನಿಧಾನವಾಗಿ ಆವಿಯಾಗುವ ದ್ರವ್ಯವೊಂದು ಬೇಕು. ಉತ್ತರ ಪ್ರದೇಶದ ಕನೌಜಿನ ಅತ್ತರು ತಯಾರಿಕೆಯಲ್ಲಿ ಈ ತತ್ತ್ವ ಸ್ಪಷ್ಟವಾಗಿ ಕಾಣುತ್ತದೆ. ತಾಮ್ರದ ದೊಡ್ಡ ಪಾತ್ರೆಯಾದ 'ದೇಗ್'ನಲ್ಲಿ ಹೂ ಮತ್ತು ನೀರನ್ನು ಕಾಯಿಸಿ, ಬಿದಿರಿನ ಕೊಳವೆಯ ಮೂಲಕ ಆವಿಯನ್ನು 'ಭಪ್ಕಾ' ಎಂಬ ಪಾತ್ರೆಗೆ ಹಾಯಿಸುತ್ತಾರೆ. ಭಪ್ಕಾದಲ್ಲಿ ಮೊದಲೇ ಶ್ರೀಗಂಧದ ತೈಲವಿರುತ್ತದೆ. ದಿನದಿನವೂ ಹೊಸ ಹೂಗಳ ಆವಿಯನ್ನು ಅದೇ ತೈಲಕ್ಕೆ ಉಣಿಸುತ್ತ ಹೋದಂತೆ ತೈಲವು ಹೂವಿನ ಕಂಪಿನಿಂದ ತುಂಬುತ್ತದೆ. ಅಂದರೆ ಕನೌಜಿನ ಗುಲಾಬಿ, ಕೇದಗೆ, ಮಲ್ಲಿಗೆಗಳ ಅತ್ತರಿಗೆ ದಕ್ಷಿಣದ ಕಾಡುಗಳ ಗಂಧವೇ ನೆಲೆಯಾಗಿತ್ತು.

ಈ ನೆಲೆ ಕುಸಿದುದು ಹೇಗೆ ಎಂಬುದು ಕರ್ನಾಟಕದ ಇತಿಹಾಸದ ಒಂದು ಭಾಗ. ಶ್ರೀಗಂಧವನ್ನು 1792ರಲ್ಲಿ ಟಿಪ್ಪು ಸುಲ್ತಾನನು ರಾಜವೃಕ್ಷವೆಂದು ಘೋಷಿಸಿದನು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಕಟ್ಟಿಗೆಯ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. 1944ರಲ್ಲಿ ಶಿವಮೊಗ್ಗದಲ್ಲಿ ಮತ್ತೊಂದು ತಲೆಯೆತ್ತಿತು. ಕಟ್ಟಿಗೆಯನ್ನು ಮಾರುವ ನಾಡು ತೈಲವನ್ನು ಮಾರುವ ನಾಡಾಯಿತು. ಆದರೆ ಮರವು ಸರ್ಕಾರದ ಸ್ವತ್ತೆಂಬ ನಿಯಮವು ಖಾಸಗಿ ಜಮೀನಿಗೂ ಅನ್ವಯಿಸುತ್ತಿತ್ತು. ತನ್ನ ಹೊಲದಲ್ಲಿ ಹುಟ್ಟಿದ ಗಂಧದ ಸಸಿ ರೈತನಿಗೆ ಲಾಭವಲ್ಲ, ಹೊಣೆ. ಅದನ್ನು ಚಿಗುರಿನಲ್ಲೇ ಕಿತ್ತೆಸೆಯುವುದು ಅವನಿಗೆ ಸುರಕ್ಷಿತವಾಗಿ ಕಂಡದ್ದು ಸಹಜ. ಕಳ್ಳಸಾಗಣೆ, 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗ, ಕಾಡಿನ ಬೆಂಕಿ ಇವೂ ಸೇರಿ ಮರಗಳು ವಿರಳವಾದವು. ಕರ್ನಾಟಕ ಅರಣ್ಯ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಯು ಭೂಮಾಲೀಕನಿಗೆ ಮರದ ಒಡೆತನವನ್ನು ನೀಡಿತು. ಆದರೆ ಗಂಧವು ಅರೆಪರಾವಲಂಬಿ. ಆಶ್ರಯಕ್ಕೆ ಬೇರೆ ಗಿಡದ ಬೇರು ಬೇಕು. ಕಂಪು ಕೂಡುವ ಚೇಗು ಬಲಿಯಲು ದಶಕಗಳೇ ಬೇಕು. ಕಾನೂನು ಬದಲಾದ ವೇಗದಲ್ಲಿ ಮರ ಬೆಳೆಯದು. ಈ ನಡುವೆ ಪಶ್ಚಿಮ ಆಸ್ಟ್ರೇಲಿಯಾದ ಕುನುನುರಾದಲ್ಲಿ ಭಾರತೀಯ ಶ್ರೀಗಂಧದ ದೊಡ್ಡ ತೋಟಗಳು ಎದ್ದಿವೆ.

ಇದರ ಪರಿಣಾಮ ಕನೌಜಿನ ಭಪ್ಕಾದಲ್ಲಿ ಕಂಡಿತು. ಗಂಧದ ತೈಲ ದುಬಾರಿಯಾದಂತೆ ಅನೇಕ ತಯಾರಕರು ದ್ರವ ಪ್ಯಾರಾಫಿನ್, ಡೈಆಕ್ಟೈಲ್ ಥ್ಯಾಲೇಟ್‌ಗಳಂತಹ ಅಗ್ಗದ ದ್ರವಗಳಿಗೆ ಮೊರೆಹೋದರು. ಹೆಸರು 'ಅತ್ತರು' ಎಂದೇ ಉಳಿಯಿತು, ನೆಲೆ ಬದಲಾಯಿತು.

5. ಬಳಕೆಯ ಮಿತಿಗಳು

ಸಹಜವಾದುದೆಲ್ಲ ನಿರಪಾಯಕರವೆಂಬ ನಂಬಿಕೆ ವಿಜ್ಞಾನಸಮ್ಮತವಲ್ಲ. ಬರ್ಗಮಾಟ್ ನಿಂಬೆಯ ಸಿಪ್ಪೆಯ ಎಣ್ಣೆಯಲ್ಲಿರುವ ಬರ್ಗಾಪ್ಟೀನ್ ಬಿಸಿಲಿಗೆ ಒಡ್ಡಿದ ಚರ್ಮವನ್ನು ಸುಡಬಲ್ಲದು. ಮಲ್ಲಿಗೆಯ ಶುದ್ಧಸಾರಕ್ಕೂ ಐಎಫ್‌ಆರ್‌ಎ ಎಂಬ ಅಂತರರಾಷ್ಟ್ರೀಯ ಒಕ್ಕೂಟವು ಬಳಕೆಯ ಮಿತಿಯನ್ನು ಗೊತ್ತುಪಡಿಸಿದೆ. ಹಾಗೆಯೇ ಕೃತಕ ದ್ರವ್ಯಗಳೆಲ್ಲ ಕೀಳೆಂಬುದೂ ಸರಿಯಲ್ಲ. 1868ರಲ್ಲಿ ಪರ್ಕಿನ್ ಕೂಮರಿನ್ನನ್ನು ಸಂಶ್ಲೇಷಿಸಿದುದು, 1874ರಲ್ಲಿ ವೆನಿಲಿನ್ ಸಿದ್ಧವಾದುದು ಸುಗಂಧಕಲೆಗೆ ಹೊಸ ಸಾಧ್ಯತೆಗಳನ್ನು ತೆರೆದವು. ಕೃತಕ ಕಸ್ತೂರಿಯು ಮೃಗವನ್ನು ಉಳಿಸಿತು. ಸಹಜ ದ್ರವ್ಯದ ಹೆಚ್ಚುಗಾರಿಕೆ ಇರುವುದು ಅದರ ಸಂಕೀರ್ಣತೆಯಲ್ಲಿ. ನೂರಾರು ಘಟಕಗಳ ಮಲ್ಲಿಗೆಯ ಸಾರವು ಒಂದೊಂದು ಕೊಯ್ಲಿನಲ್ಲಿಯೂ ಕೊಂಚ ಬೇರೆಯಾಗಿರುತ್ತದೆ. ಜೇನಿನ ಸಾರವು ಆ ಋತುವಿನ ಹೂಗಳನ್ನು ಹೊತ್ತಿರುತ್ತದೆ. ಕಾರ್ಖಾನೆಗೆ ಇದು ದೋಷ, ಕಲಾವಿದನಿಗೆ ಗುಣ.

ಒಟ್ಟಾರೆಯಾಗಿ ನೋಡಿದಾಗ, ಸಹಜ ಸುಗಂಧದ್ರವ್ಯವೆಂಬುದು ಹೂ, ಮರ, ಹುಳು, ಶ್ರಮ, ಕಾನೂನು, ಕಾಲ ಇವೆಲ್ಲವೂ ಸೇರಿ ರೂಪಿಸುವ ವಸ್ತು. ಇವುಗಳಲ್ಲಿ ಒಂದು ಕದಲಿದರೂ ಸೀಸೆಯೊಳಗಿನ ಕಂಪು ಬದಲಾಗುತ್ತದೆ. ಸಾವಿರ ವರ್ಷಗಳ ಹಿಂದೆ ಕನ್ನಡದಲ್ಲಿಯೇ ಬರೆಯಲಾದ ಈ ವಿದ್ಯೆ ಇಂದು ಬಹುಮಟ್ಟಿಗೆ ಪರಭಾಷೆಯ ಪಾರಿಭಾಷಿಕಗಳಲ್ಲಿ ನಡೆಯುತ್ತಿದೆ. ಹೂ ಬಿಡಿಸುವವರ, ಎರಿ ಇಳಿಸುವವರ, ಗಂಧ ನೆಡುವವರ ಭಾಷೆ ಕನ್ನಡವಾಗಿದ್ದು, ಆ ದ್ರವ್ಯದ ಮೌಲ್ಯವನ್ನು ನಿರ್ಧರಿಸುವ ಭಾಷೆ ಬೇರೆಯಾದಾಗ, ತಮ್ಮ ಕೈಯಲ್ಲಿರುವುದು ಏನೆಂಬುದೇ ಅವರಿಗೆ ತಿಳಿಯದೆ ಹೋಗುತ್ತದೆ. ಎರಿಯನ್ನು ಕುದಿಸಬೇಕೋ ಕಾಯ್ದಿರಿಸಬೇಕೋ, ಸಸಿಯನ್ನು ಕೀಳಬೇಕೋ ಬೆಳೆಸಬೇಕೋ ಎಂಬ ನಿರ್ಧಾರಗಳು ಆ ತಿಳಿವಳಿಕೆಯನ್ನೇ ಅವಲಂಬಿಸಿವೆ. 'ಲೋಕೋಪಕಾರ'ದ ಪರಂಪರೆಯನ್ನು ಮುಂದುವರಿಸುವುದೆಂದರೆ ಅದನ್ನು ಸಂಪಾದಿಸಿ ಕಪಾಟಿನಲ್ಲಿಡುವುದಷ್ಟೇ ಅಲ್ಲ. ಅದು ಮಾಡಿದ ಕೆಲಸವನ್ನು ಇಂದಿನ ದ್ರವ್ಯಗಳಿಗೂ ಇಂದಿನ ಕನ್ನಡದಲ್ಲಿ ಮಾಡುವುದಾಗಿದೆ.